ಅಲ್ ಜಝರಿಯ ಆನೆ ಮತ್ತು ಒಂದು ಗೋಲಿ

ಮುಸ್ಲಿಮರ ವೈಜ್ಞಾನಿಕ ಕೊಡುಗೆಗಳ ಕುರಿತು ನಮ್ಮ ಸಭೆಗಳಲ್ಲಿ ಭಾಷಣಗಳಿಗೆ ಬರವಿಲ್ಲ. ಇಬ್ನ್ ಸೀನಾ, ಅಲ್ ಬಿರೂನಿ, ಇಬ್ನುಲ್ ಹೈಸಮ್ ಎಂದು ಹೆಸರುಗಳನ್ನು ತಸ್ಬೀಹ್ ಮಣಿಗಳಂತೆ ಎಣಿಸುತ್ತೇವೆ. ಅವರು ಮಾಡಿದ್ದರಲ್ಲಿ ಒಂದನ್ನಾದರೂ ನಮ್ಮ ಮಕ್ಕಳ ಕೈಯಿಂದ ಮಾಡಿಸಿದ್ದೇವೆಯೇ? ಪ್ರಚ್ಛನ್ನ ಶಕ್ತಿಯ ಪಾಠವನ್ನು ಒಂದು ವಾಕ್ಯ ಬಾಯಿಪಾಠ ಮಾಡಿಸಿ ಮುಗಿಸುವ ತರಗತಿಗಳಿಗೆ ಅಲ್ ಜಝರಿಯನ್ನು ಕರೆತರಬಹುದೆಂದು ನಮಗನ್ನಿಸುತ್ತದೆ.

ಬದೀಉಝ್ಝಮಾನ್ ಅಲ್ ಜಝರಿ ಈಗಿನ ತುರ್ಕಿಯಲ್ಲಿರುವ ದಿಯಾರ್‌ಬಕಿರ್‌ನ ಅರ್ತುಕಿ ಅರಸರ ಆಸ್ಥಾನದಲ್ಲಿದ್ದ ಯಂತ್ರಶಿಲ್ಪಿ. 1206ರಲ್ಲಿ ಅರಬಿಯಲ್ಲಿ ಪೂರ್ಣಗೊಳಿಸಿದ ಗ್ರಂಥದಲ್ಲಿ 50 ಸಾಧನಗಳನ್ನು, ಇನ್ನೊಬ್ಬ ಕುಶಲಕರ್ಮಿ ಮಾಡಬಲ್ಲಂತೆ, ಚಿತ್ರಸಹಿತ ವಿವರಿಸಿದ. ಮಾಡಿ ನೋಡದ ವಿದ್ಯೆ ಸರಿ ತಪ್ಪುಗಳ ನಡುವೆ ತೂಗಾಡುತ್ತಿರುತ್ತದೆ ಎಂಬುದು ಅವನ ನಿಲುವು.

ಅವನ ಆನೆ ಗಡಿಯಾರವನ್ನೇ ನೋಡಿ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ, ಅದರಲ್ಲಿ ತೇಲುವ ತೂತಿನ ಬಟ್ಟಲು. ಅರ್ಧ ಗಂಟೆಗೊಮ್ಮೆ ಬಟ್ಟಲು ತುಂಬಿ ಮುಳುಗುವಾಗ ದಾರ ಎಳೆದು ಮೇಲಿನಿಂದ ಒಂದು ಚೆಂಡು ಉರುಳುತ್ತದೆ. ಚೆಂಡು ಸರ್ಪದ ಬಾಯಿಗೆ ಬೀಳುತ್ತದೆ; ಆ ಭಾರಕ್ಕೆ ಸರ್ಪ ಬಾಗುತ್ತಾ ಮುಳುಗಿದ ಬಟ್ಟಲನ್ನು ಮೇಲೆತ್ತುತ್ತದೆ. ಮಾವುತ ಏಟು ಹಾಕುತ್ತಾನೆ. ಎಲ್ಲವೂ ತಾನಾಗಿಯೇ ನಡೆದಂತೆ! ನಿಜವಾಗಿ, ಯಾರೋ ಆಳು ಚೆಂಡುಗಳನ್ನು ಮೊದಲೇ ಮೇಲೇರಿಸಿ ಇಟ್ಟಿರಬೇಕು. ಅವನ ತೋಳಿನ ದುಡಿಮೆಯೇ ಚೆಂಡಿನಲ್ಲಿ ಕೂತಿರುತ್ತದೆ. ಚೆಂಡುಗಳು ಮುಗಿದರೆ ಆನೆ ಬರೀ ಬೊಂಬೆ. (ಅರಸರ ಹೆಸರು ಉಳಿದಿದೆ, ಆಳಿನದ್ದಿಲ್ಲ.)

ತೂತಿನ ಬಟ್ಟಲು ನಮ್ಮ ನಾಡಿಗೂ ಹಳೆಯದೇ. 24 ನಿಮಿಷಗಳ ಗಳಿಗೆಯನ್ನು ಅಳೆದದ್ದು ಅದೇ. ಹಿಂದೂಸ್ತಾನದ ಗಳಿಗೆ ಲೆಕ್ಕದ ಬಗ್ಗೆ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ತರಗತಿಗೆ ಬೇಕಾದದ್ದು ಸ್ವಲ್ಪವೇ. ಒಂದು ಹಳೆಯ ಅಲ್ಯೂಮಿನಿಯಂ ಬಟ್ಟಲು, ಒಂದು ಬಕೆಟ್ ನೀರು. ತೂತನ್ನು ಮೇಷ್ಟ್ರು ಮನೆಯಲ್ಲೇ ಸಣ್ಣ ಮೊಳೆಯಿಂದ ಕೊರೆದು ಪರೀಕ್ಷಿಸಿಕೊಳ್ಳಲಿ. ದೊಡ್ಡದಾದರೆ ಹಾಜರಿ ಕೂಗುವುದರೊಳಗೆ ಬಟ್ಟಲು ಮುಳುಗಿರುತ್ತದೆ. ಚೆಂಡಿನ ಬದಲು ಗೋಲಿ. ಸೀಳಿದ ಬಿದಿರಿನ ಒಂದು ತುದಿಯನ್ನು ಪುಸ್ತಕದ ಮೇಲಿಟ್ಟು, ಇನ್ನೊಂದು ತುದಿಯ ಮುಂದೆ ಖಾಲಿ ಬೆಂಕಿಪೊಟ್ಟಣ ಇಡಬೇಕು. ಗೋಲಿ ಉರುಳಿ ಬಡಿದಾಗ ಪೊಟ್ಟಣ ಎಷ್ಟು ದೂರ ಜರುಗಿತೆಂದು ಅಳೆಯಬೇಕು. ಒಂದು ಪುಸ್ತಕ, ನಂತರ ಎರಡು, ಮೂರು. ಎಲ್ಲವೂ ಒಂದೇ ದಪ್ಪದ್ದಿರಲಿ. ಪ್ರತಿ ಸಲವೂ ಗೋಲಿಯನ್ನು ಮೇಲಕ್ಕೆತ್ತಿಡುವುದು ಮಗುವೇ. ಆಮೇಲೆ ಕೇಳಬೇಕು: ಪೊಟ್ಟಣವನ್ನು ತಳ್ಳಿದ್ದು ಯಾರು? ಉತ್ತರವನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದಿಡಬಾರದು.