ಬಸ್ಸು ಮನೆಯಾಗುವಾಗ: ಹೊರಮೈ ತಗಡು ಬದಲಿಸುವ ಕ್ರಮ ಮತ್ತು ಎಚ್ಚರಿಕೆ

ಸೇವೆಯಿಂದ ನಿವೃತ್ತವಾದ ಬಸ್ಸನ್ನು ಕೊಂಡು, ಆಸನಗಳನ್ನು ಕಿತ್ತು, ಆ ಜಾಗದಲ್ಲಿ ಅಡುಗೆಕಟ್ಟೆ, ಹಾಸಿಗೆ, ಸ್ನಾನದ ಕೋಣೆಗಳನ್ನು ಅಳವಡಿಸಿಕೊಂಡು ಊರೂರು ಸುತ್ತುವ ಹವ್ಯಾಸ ಅಮೆರಿಕ ಹಾಗೂ ಕೆನಡಾಗಳಲ್ಲಿ ಹಲವು ದಶಕಗಳಿಂದ ಬೇರೂರಿದೆ. ದೂರಪ್ರಯಾಣದ ಹಳೆಯ ಬಸ್ಸುಗಳಷ್ಟೇ ಅಲ್ಲದೆ ಹಳದಿ ಬಣ್ಣದ ಶಾಲಾ ಬಸ್ಸುಗಳೂ ಹೀಗೆ ಮನೆಗಳಾಗುತ್ತವೆ. ಶಾಲಾ ಬಸ್ಸಿನಿಂದಾದ ಮನೆಗೆ ಅಲ್ಲಿ 'ಸ್ಕೂಲಿ' ಎಂಬ ಅಡ್ಡಹೆಸರೇ ಇದೆ.

ಇಂತಹ ಪರಿವರ್ತನೆಯಲ್ಲಿ ಎಲ್ಲರ ಗಮನವೂ ಒಳಾಂಗಣದ ಮೇಲಿರುತ್ತದೆ. ಆದರೆ ಆ ಮನೆ ಎಷ್ಟು ವರ್ಷ ಬಾಳುತ್ತದೆ, ಅಪಘಾತವಾದರೆ ಒಳಗಿದ್ದವರನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದು ಬಹುಪಾಲು ಹೊರಗಿನ ಪಕ್ಕದ ತಗಡು ಮತ್ತು ಅದರ ಹಿಂದಿನ ಚೌಕಟ್ಟಿನ ಮೇಲೆ ಅವಲಂಬಿತ. ತಗಡು ಬದಲಿಸುವುದೆಂದರೆ ಹಳೆಯದನ್ನು ಕಿತ್ತು ಹೊಸದನ್ನು ಬಡಿಯುವುದಲ್ಲ.

ತಗಡು ಬರಿಯ ಹೊದಿಕೆಯಲ್ಲ

ಲಾರಿಗೆ ಉದ್ದುದ್ದ ಉಕ್ಕಿನ ತೊಲೆಗಳ ಷಾಸಿ ಇರುತ್ತದೆ. ಭಾರವನ್ನೆಲ್ಲ ಅದೇ ಹೊರುತ್ತದೆ. ಆದರೆ ದೂರಪ್ರಯಾಣದ ಅನೇಕ ಬಸ್ಸುಗಳಲ್ಲಿ ಅಂತಹ ಪ್ರತ್ಯೇಕ ಷಾಸಿ ಇಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1953ರಿಂದ 1960ರವರೆಗೆ ತಯಾರಿಸಿದ ಪಿಡಿ-4104 ಬಸ್ಸು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿ ಒಳಪಟ್ಟಿಗಳು ಹಾಗೂ ಅವುಗಳಿಗೆ ರಿವೆಟ್ ಹೊಡೆದ ಅಲ್ಯುಮಿನಿಯಂ ತಗಡು ಸೇರಿ ಒಂದೇ ಪೆಟ್ಟಿಗೆಯಂತೆ ಭಾರ ಹೊರುತ್ತವೆ. ಮೊಟ್ಟೆಗೆ ಚಿಪ್ಪು ಹೇಗೋ ಆ ಬಸ್ಸಿಗೆ ತಗಡು ಹಾಗೆ. ಪರಿವರ್ತನಾ ಹವ್ಯಾಸಿಗಳಿಗೆ ಬಲು ಪ್ರಿಯವಾದ ಮಾದರಿಗಳಲ್ಲಿ ಇದೂ ಒಂದು.

ಪಕ್ಕದ ಗೋಡೆ ದುರ್ಬಲವಾದರೆ ಏನಾಗುತ್ತದೆ ಎಂಬುದಕ್ಕೂ ಅದೇ ಕಾಲದ ನಿದರ್ಶನವಿದೆ. ಗ್ರೇಹೌಂಡ್ ಸಂಸ್ಥೆಗಾಗಿ 1954ರಿಂದ 1956ರ ನಡುವೆ ಸಿದ್ಧವಾದ ಪಿಡಿ-4501 'ಸೀನಿಕ್ರೂಸರ್' ಬಸ್ಸುಗಳ ಪಕ್ಕದ ಗೋಡೆಗಳಲ್ಲಿ, ಕಿಟಕಿಗಳ ಸುತ್ತಮುತ್ತ ಬಿರುಕುಗಳು ಕಾಣಿಸಿಕೊಂಡವು. 1961-62ರಲ್ಲಿ ಮಾರ್ಮನ್-ಹೆರಿಂಗ್ಟನ್ ಸಂಸ್ಥೆಯಲ್ಲಿ ಈ ಬಸ್ಸುಗಳ ಎಂಜಿನ್ ಬದಲಿಸಿದಾಗ ಪಕ್ಕದ ಗೋಡೆಗಳನ್ನೂ ಬಲಪಡಿಸಬೇಕಾಯಿತು.

ಶಾಲಾ ಬಸ್ಸಿನ ರಚನೆ ಬೇರೆ. ಅಲ್ಲಿ ಲಾರಿ ಮಾದರಿಯ ಷಾಸಿಯ ಮೇಲೆ ಉಕ್ಕಿನ ಬಾಡಿ ಕೂರುತ್ತದೆ. ಹಾಗೆಂದು ಅಲ್ಲಿನ ತಗಡನ್ನು ಹಗುರವಾಗಿ ಕಾಣುವಂತಿಲ್ಲ. 1977ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಮೆರಿಕದ ಸುರಕ್ಷತಾ ಮಾನದಂಡ ಸಂಖ್ಯೆ 221ರ ಪ್ರಕಾರ, ಶಾಲಾ ಬಸ್ಸಿನ ಬಾಡಿಯ ಜೋಡಣೆಗಳು ತಾವು ಬೆಸೆದ ತಗಡುಗಳಲ್ಲಿ ದುರ್ಬಲವಾದುದರ ಬಲದ ಶೇ 60ರಷ್ಟನ್ನಾದರೂ ತಡೆದುಕೊಳ್ಳಬೇಕು. ಅಪಘಾತದಲ್ಲಿ ತಗಡು ಕಿತ್ತುಬಂದು ಕತ್ತಿಯಂತೆ ಮಕ್ಕಳನ್ನು ಕೊಯ್ಯಬಾರದು ಎಂಬುದೇ ಇದರ ಉದ್ದೇಶ. ಸಾಲಾಗಿ ಹೊಡೆದಿರುವ ನೂರಾರು ರಿವೆಟ್‌ಗಳು ಅಲಂಕಾರಕ್ಕಲ್ಲ. ಹತ್ತು ರಿವೆಟ್ ಇದ್ದಲ್ಲಿ ಐದು ಸಾಕೆಂದುಕೊಳ್ಳುವವರು ತಮ್ಮ ಕುಟುಂಬದ ರಕ್ಷಣೆಯನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ.

ಬದಲಾವಣೆ ಯಾವಾಗ ಅಗತ್ಯ?

ಕಿಟಕಿಗಳ ರಬ್ಬರು ಒಣಗಿ ಬಿರುಕು ಬಿಟ್ಟರೆ ಮಳೆನೀರು ಗೋಡೆಯ ಒಳಗೇ ಇಳಿದು ತಳಪಟ್ಟಿಯಲ್ಲಿ ನಿಲ್ಲುತ್ತದೆ. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಚಕ್ರದ ಕಮಾನುಗಳೂ ತಳಭಾಗವೂ ಬೇಗ ತುಕ್ಕು ಹಿಡಿಯುತ್ತವೆ. ಹೊರಗಿನಿಂದ ನೋಡಿದರೆ ಬಣ್ಣದ ಸಣ್ಣ ಗುಳ್ಳೆ. ಒಳಗೆ ಕೈಹಾಕಿದರೆ ಪಟ್ಟಿಯೇ ಪುಡಿಪುಡಿ. ಆದ್ದರಿಂದ ಒಳಗಿನ ಹೊದಿಕೆಯನ್ನು ಮೊದಲು ಬಿಚ್ಚಿ, ಚೌಕಟ್ಟನ್ನು ಕಣ್ಣಾರೆ ಕಂಡ ನಂತರವೇ ಎಷ್ಟು ತಗಡು ಬದಲಿಸಬೇಕೆಂದು ತೀರ್ಮಾನಿಸುವುದು ಜಾಣತನ.

ಅಲ್ಯುಮಿನಿಯಂ ತಗಡಿನ ಮೇಲೆ ಬಿಳಿಯ ಪುಡಿ, ಉಕ್ಕಿನಲ್ಲಿ ಪದರಪದರವಾಗಿ ಏಳುವ ತುಕ್ಕು, ರಿವೆಟ್ ತಲೆಯ ಸುತ್ತ ಕಪ್ಪು ಗೆರೆ ಇವು ಅಪಾಯದ ಸೂಚನೆಗಳು. ಕಪ್ಪು ಗೆರೆ ಎಂದರೆ ರಿವೆಟ್ ಸಡಿಲಗೊಂಡು ಪ್ರಯಾಣದಲ್ಲಿ ಉಜ್ಜಾಡುತ್ತಿದೆ ಎಂದರ್ಥ. ಅನವಶ್ಯಕ ಕಿಟಕಿಗಳನ್ನು ಮುಚ್ಚುವಾಗಲೂ ಹೊಸ ತಗಡು ಬೇಕಾಗುತ್ತದೆ. ಆಗ ಕಿಟಕಿಗಳ ನಡುವಿನ ಕಂಬಗಳನ್ನು ಕತ್ತರಿಸಬಾರದು. ಬಸ್ಸು ಮಗುಚಿದರೆ ಛಾವಣಿಯನ್ನು ಎತ್ತಿಹಿಡಿಯುವುದು ಅವೇ.

ತಗಡಿನ ಆಯ್ಕೆ

ಮೂಲದಲ್ಲಿ ಯಾವ ಲೋಹವಿತ್ತೋ ಅದನ್ನೇ, ಅದೇ ದಪ್ಪದಲ್ಲಿ ಬಳಸುವುದು ಸುರಕ್ಷಿತ. ಅಲ್ಯುಮಿನಿಯಂ ಬಾಡಿಗೆ ಸಾಮಾನ್ಯವಾಗಿ 5052 ಎಂಬ ಮಿಶ್ರಲೋಹದ ತಗಡು ಒಪ್ಪುತ್ತದೆ. ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ವಿಮಾನಗಳಲ್ಲಿ ಬಳಸುವ 2024 ಮಿಶ್ರಲೋಹ ಹೆಚ್ಚು ಗಟ್ಟಿ. ಆದರೆ ಶುದ್ಧ ಅಲ್ಯುಮಿನಿಯಂ ಲೇಪವಿಲ್ಲದಿದ್ದರೆ ಬೇಗ ಸವೆಯುತ್ತದೆ. ಉಕ್ಕಿನ ಬಾಡಿಗೆ ಸತು ಲೇಪಿತ ತಗಡು ಸೂಕ್ತ.

ತೂಕದ ಲೆಕ್ಕವೂ ಮುಖ್ಯ. 1.6 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡು ಚದರ ಮೀಟರಿಗೆ ಸುಮಾರು 4.3 ಕಿ.ಗ್ರಾಂ. ತೂಗಿದರೆ, 1.2 ಮಿ.ಮೀ. ಉಕ್ಕಿನ ತಗಡು ಸುಮಾರು 9.4 ಕಿ.ಗ್ರಾಂ. ತೂಗುತ್ತದೆ. ಎರಡೂ ಪಕ್ಕಗಳಲ್ಲಿ 20 ಚದರ ಮೀಟರ್ ಬದಲಿಸಿದರೆ ವ್ಯತ್ಯಾಸ 100 ಕಿ.ಗ್ರಾಂ. ದಾಟುತ್ತದೆ. ನೀರಿನ ತೊಟ್ಟಿ, ಬ್ಯಾಟರಿ, ಪೀಠೋಪಕರಣ ಹೊರಬೇಕಾದ ವಾಹನಕ್ಕೆ ಇದು ಸಣ್ಣ ಸಂಖ್ಯೆಯಲ್ಲ.

ಬಿಚ್ಚುವ ಕ್ರಮ

ಮೊದಲನೆಯದಾಗಿ, ಬಸ್ಸನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತಯಾರಕರು ಸೂಚಿಸಿದ ಜಾಗಗಳಲ್ಲೇ ಗಟ್ಟಿಯಾದ ಆಸರೆ ಕೊಡಬೇಕು. ಪಿಡಿ-4104ರಂತಹ ಬಸ್ಸುಗಳ ಸಸ್ಪೆನ್ಷನ್ ಗಾಳಿಯ ಚೀಲಗಳ ಮೇಲೆ ನಿಂತಿದೆ. ಗಾಳಿ ಸೋರಿದರೆ ಇಡೀ ಬಸ್ಸು ಸದ್ದಿಲ್ಲದೆ ಕುಸಿಯುತ್ತದೆ. ಆಸರೆಯಿಲ್ಲದೆ ಅಡಿಗೆ ನುಸುಳುವುದು ಪ್ರಾಣಕ್ಕೇ ಎರವಾಗಬಲ್ಲದು.

ಎರಡನೆಯದಾಗಿ, ಒಂದೇ ಬಾರಿಗೆ ಇಡೀ ಪಕ್ಕವನ್ನು ಬಿಚ್ಚಬಾರದು. ಒಂದು ತಗಡು ತೆಗೆದು, ಚೌಕಟ್ಟು ಸರಿಪಡಿಸಿ, ಹೊಸದನ್ನು ಕೂರಿಸಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಬಿಚ್ಚುವ ಮೊದಲು ಆ ಅಂಕಣದ ಎರಡೂ ಕರ್ಣಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸ ತಗಡು ಕೂರಿಸುವಾಗ ಅಳತೆ ಬದಲಾಗಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದೇ ತಿಳಿಯಬೇಕು. ಆ ಸ್ಥಿತಿಯಲ್ಲಿ ರಿವೆಟ್ ಹೊಡೆದರೆ ಸೊಟ್ಟವೇ ಶಾಶ್ವತವಾಗುತ್ತದೆ. ಬಾಗಿಲು ಮುಚ್ಚುವುದಿಲ್ಲ, ಗಾಜು ಬಿರುಕು ಬಿಡುತ್ತದೆ.

ಹಳೆಯ ರಿವೆಟ್ ತೆಗೆಯಲು ತಲೆಯ ನಡುವೆ ಗುರುತು ಮಾಡಿ, ತಲೆಯ ದಪ್ಪದಷ್ಟೇ ಆಳಕ್ಕೆ ಡ್ರಿಲ್ ಮಾಡಿ, ತಲೆಯನ್ನು ಉಳಿಯಿಂದ ಹಾರಿಸಿ, ಉಳಿದ ಕಡ್ಡಿಯನ್ನು ಒಳಕ್ಕೆ ತಟ್ಟಬೇಕು. ಪೂರ್ತಿ ಕೊರೆದರೆ ಚೌಕಟ್ಟಿನ ರಂಧ್ರ ಹಿಗ್ಗುತ್ತದೆ. ಕಿತ್ತ ತಗಡನ್ನು ಗುಜರಿಗೆ ಹಾಕುವಂತಿಲ್ಲ. ಹೊಸ ತಗಡು ಕತ್ತರಿಸಲು, ರಂಧ್ರಗಳನ್ನು ಗುರುತಿಸಲು ಅದೇ ಅಚ್ಚು.

ತುಕ್ಕು ಮತ್ತು ಲೋಹಗಳ ಜಗಳ

ತೆರೆದುಕೊಂಡ ಚೌಕಟ್ಟಿನಲ್ಲಿ ಮೇಲುಮೇಲಿನ ತುಕ್ಕಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿ, ನಂತರ ಎಪಾಕ್ಸಿ ಪ್ರೈಮರ್ ಬಳಿಯಬಹುದು. ಉಳಿ ಒತ್ತಿದರೆ ತೂತು ಬೀಳುವಂತಿದ್ದರೆ ಆ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದೇ ದಾರಿ. ಕೊಳೆತ ಪಟ್ಟಿಯ ಮೇಲೆ ಹೊಸ ತಗಡು ಹೊದಿಸುವುದು ಹುಳುಕನ್ನು ಮುಚ್ಚಿಟ್ಟಂತೆ.

ಉಕ್ಕಿನ ಮೇಲೆ ಅಲ್ಯುಮಿನಿಯಂ ನೇರವಾಗಿ ಕೂತು, ನಡುವೆ ತೇವ ಸೇರಿದರೆ ಅದೊಂದು ಸಣ್ಣ ಬ್ಯಾಟರಿಯಾಗಿ, ಅಲ್ಯುಮಿನಿಯಂ ಸವೆಯುತ್ತದೆ. ಉಪ್ಪು ಸೇರಿದರಂತೂ ಈ ಕ್ರಿಯೆ ಬಹು ವೇಗ. ಆದ್ದರಿಂದ ಎರಡು ಲೋಹಗಳ ನಡುವೆ ಪ್ರೈಮರ್, ಅದರ ಮೇಲೆ ಬ್ಯುಟೈಲ್ ಪಟ್ಟಿ ಅಥವಾ ಸೀಲೆಂಟ್ ಇರಲೇಬೇಕು. ರಿವೆಟ್ ವಿಷಯದಲ್ಲೂ ಇದೇ ನಿಯಮ. ಸ್ಟೇನ್‌ಲೆಸ್ ಉಕ್ಕಿನ ದೊಡ್ಡ ತಗಡಿಗೆ ಅಲ್ಯುಮಿನಿಯಂನ ಪುಟ್ಟ ರಿವೆಟ್ ಹೊಡೆದರೆ ಸವೆತವೆಲ್ಲ ಆ ರಿವೆಟ್‌ಗಳ ಮೇಲೆಯೇ ಬಿದ್ದು ಅವು ಬೇಗ ಕರಗುತ್ತವೆ.

ರಿವೆಟ್, ಅಂಟು, ಬೆಸುಗೆ

ಮೂಲದಲ್ಲಿ ಗಟ್ಟಿ ರಿವೆಟ್ ಇದ್ದಲ್ಲಿ ಗಟ್ಟಿ ರಿವೆಟ್ಟೇ ಉತ್ತಮ. ಇದಕ್ಕೆ ಇಬ್ಬರು ಬೇಕು: ಹೊರಗಿನಿಂದ ಗಾಳಿಯ ಸುತ್ತಿಗೆ ಹಿಡಿಯುವವರೊಬ್ಬರು, ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿಹಿಡಿಯುವವರೊಬ್ಬರು. ಒಳಗೆ ಕೈ ಹೋಗದ ಕಡೆ ಹೊರಗಿನಿಂದಲೇ ಎಳೆದು ಬಿಗಿಯುವ ರಿವೆಟ್ ಬಳಸುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಾಪ್ ರಿವೆಟ್ ಟೊಳ್ಳು. ಅದು ಭಾರ ಹೊರದು, ನೀರೂ ಒಸರುತ್ತದೆ. ನಡುಕಡ್ಡಿ ಒಳಗೇ ಲಾಕ್ ಆಗುವ ಬಲವಾದ ಬಗೆಯನ್ನೇ ಆರಿಸಬೇಕು. ಏರ್‌ಸ್ಟ್ರೀಮ್ ಟ್ರೇಲರ್‌ಗಳ ದುರಸ್ತಿಯಲ್ಲಿ ಹೆಸರಾದ 'ಒಲಿಂಪಿಕ್' ರಿವೆಟ್‌ನ ತಲೆಯನ್ನು ಸವರಿದರೆ ಅದು ನೋಡಲು ಗಟ್ಟಿ ರಿವೆಟ್‌ನಂತೆಯೇ ಕಾಣುತ್ತದೆ.

ಹೊಸದಾಗಿ ರಂಧ್ರ ಕೊರೆಯುವುದಾದರೆ ವಿಮಾನ ದುರಸ್ತಿಯ ಲೆಕ್ಕ ಇಲ್ಲಿಯೂ ನೆರವಿಗೆ ಬರುತ್ತದೆ. ರಂಧ್ರದ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ ವ್ಯಾಸದ ಕನಿಷ್ಠ ಎರಡರಷ್ಟು, ಎರಡು ರಿವೆಟ್‌ಗಳ ನಡುವೆ ಕನಿಷ್ಠ ಮೂರರಷ್ಟು ಅಂತರವಿರಬೇಕು. 4.8 ಮಿ.ಮೀ. ರಿವೆಟ್‌ಗೆ ಇದು ಕ್ರಮವಾಗಿ 9.6 ಹಾಗೂ 14.4 ಮಿ.ಮೀ. ಹಳೆಯ ರಂಧ್ರ ಹಿಗ್ಗಿದ್ದರೆ ಮುಂದಿನ ಅಳತೆಯ ರಿವೆಟ್ ಬಳಸಬೇಕು.

ಪಾಲಿಯುರಿಥೇನ್ ಅಂಟು ಇನ್ನೊಂದು ಮಾರ್ಗ. ಮೇಲ್ಮೈ ಸಂಪೂರ್ಣ ಶುಚಿಯಾಗಿ, ಒಣಗಿರಬೇಕು. ಈ ಅಂಟು ಗಾಳಿಯ ತೇವಾಂಶದಿಂದ ಗಟ್ಟಿಯಾಗುವುದರಿಂದ ದಿನಕ್ಕೆ ಕೆಲವೇ ಮಿಲಿಮೀಟರ್ ಆಳಕ್ಕೆ ಕೂಡಿಕೊಳ್ಳುತ್ತದೆ, ಆತುರ ಸಲ್ಲದು. ಆದರೆ ತಗಡೇ ಭಾರ ಹೊರುವ ಬಸ್ಸುಗಳಲ್ಲಿ ರಿವೆಟ್ ಬಿಟ್ಟು ಕೇವಲ ಅಂಟನ್ನು ನಂಬುವಂತಿಲ್ಲ.

ಉಕ್ಕಿನ ಬಾಡಿಗೆ ಬೆಸುಗೆ ಹಾಕುವುದಾದರೆ ಬ್ಯಾಟರಿ ಹಾಗೂ ಎಂಜಿನ್‌ನ ಎಲೆಕ್ಟ್ರಾನಿಕ್ ನಿಯಂತ್ರಕದ ಸಂಪರ್ಕ ಕಳಚಬೇಕು. ಸತು ಲೇಪಿತ ತಗಡನ್ನು ಬೆಸೆಯುವಾಗ ಏಳುವ ಹೊಗೆ ಜ್ವರ ತರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಉಜ್ಜುವಾಗ ಮುಖಗವಸು ಕಡ್ಡಾಯ. ಗೋಡೆಯೊಳಗಿನ ಹಳೆಯ ಫೋಮ್‌ಗೆ ಕಿಡಿ ತಾಗಿದರೆ ಬಸ್ಸೇ ಹೊತ್ತಿಕೊಳ್ಳಬಹುದು.

ಬಿಸಿಲಿಗೆ ಉಬ್ಬುವ ತಗಡು

ಹೊಸ ತಗಡು ಮಧ್ಯಾಹ್ನದ ಬಿಸಿಲಿಗೆ ಅಲೆಅಲೆಯಾಗಿ ಉಬ್ಬಿತೆಂಬುದು ಹವ್ಯಾಸಿಗಳ ಸಾಮಾನ್ಯ ದೂರು. ಕಾರಣ ಸರಳ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಏರಿದರೆ 3 ಮೀಟರ್ ಉದ್ದದ ಅಲ್ಯುಮಿನಿಯಂ ತಗಡು ಸುಮಾರು 2.8 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ತಣ್ಣಗಿದ್ದಾಗ ಬಿಗಿದ ತಗಡಿಗೆ ಬಿಸಿಲಲ್ಲಿ ಹಿಗ್ಗಲು ಜಾಗವಿಲ್ಲದೆ ಹೊರಕ್ಕೆ ಬಾಗುತ್ತದೆ. ಆದ್ದರಿಂದಲೇ ಬಾಡಿ ಕಟ್ಟುವ ಕಾರ್ಖಾನೆಗಳಲ್ಲಿ ಉದ್ದನೆಯ ತಗಡನ್ನು ಒಂದು ತುದಿಯಲ್ಲಿ ಬಂಧಿಸಿ, ಬಿಸಿಮಾಡಿ ಅಥವಾ ಎಳೆದುಹಿಡಿದು ಇನ್ನೊಂದು ತುದಿಯನ್ನು ಬಿಗಿಯುತ್ತಾರೆ. ಬಿಟ್ಟಾಗ ಅದು ಮದ್ದಳೆಯ ಚರ್ಮದಂತೆ ಬಿಗಿಯಾಗಿ ನಿಲ್ಲುತ್ತದೆ. ಮನೆಯಂಗಳದಲ್ಲಿ ಕೆಲಸ ಮಾಡುವವರು ತಗಡನ್ನು ಬಿಸಿಲಿಗೆ ಕಾಯಿಸಿ, ನಡುವಿನಿಂದ ಅಂಚಿನತ್ತ ರಿವೆಟ್ ಹೊಡೆಯುತ್ತ ಹೋಗುವುದು ಒಳ್ಳೆಯದು.

ನೀರು ಹರಿಯುವ ದಿಕ್ಕನ್ನೂ ಮರೆಯಬಾರದು. ಮನೆಯ ಹೆಂಚಿನಂತೆ ಮೇಲಿನ ತಗಡು ಕೆಳಗಿನದರ ಮೇಲೆ, ಮುಂದಿನ ತಗಡು ಹಿಂದಿನದರ ಮೇಲೆ ಬರಬೇಕು. ಸಂದುಗಳಿಗೆ ಸಿಲಿಕೋನ್ ಬೇಡ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ತಳಪಟ್ಟಿಯಲ್ಲಿ ನೀರು ಬಸಿಯುವ ರಂಧ್ರಗಳನ್ನು ಮುಚ್ಚದೆ ಬಿಡಬೇಕು. ಒಳಗಿನಿಂದ ಫೋಮ್ ಸಿಂಪಡಿಸುವವರು ಒಂದೇ ಸಲಕ್ಕೆ ದಪ್ಪನೆಯ ಪದರ ಹಾಕಿದರೆ ತಗಡು ಹೊರಕ್ಕೆ ಉಬ್ಬುತ್ತದೆ.

ಕೆಲಸ ಮುಗಿದ ಮೇಲೆ, ಒಳಗೋಡೆ ಹಾಕುವ ಮುನ್ನ, ಕೆಳಗಿನಿಂದ ಮೇಲಕ್ಕೆ ಕೊಳಾಯಿ ನೀರು ಹಾಯಿಸಿ ಒಳಗೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಮೇಲಿನಿಂದ ಹಾಯಿಸಿದರೆ ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ನಂತರ ಒಂದಷ್ಟು ದೂರ ಓಡಿಸಿ ಬಂದು ರಿವೆಟ್‌ಗಳ ಸುತ್ತ ಕಪ್ಪು ಗೆರೆ ಮೂಡಿದೆಯೇ ಎಂದು ಪರಿಶೀಲಿಸಬೇಕು.

ನಮ್ಮಲ್ಲಿ ಹೇಗೆ?

ತಗಡು ಬದಲಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಕೆಎಸ್‌ಆರ್‌ಟಿಸಿಯ ಬೆಂಗಳೂರು ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಹಳೆಯ ಬಸ್ಸುಗಳ ಬಾಡಿ ಬಿಚ್ಚಿ ನವೀಕರಿಸುವ ಕೆಲಸ ನಡೆದಿದೆ. ಆದರೆ ಖಾಸಗಿಯಾಗಿ ಬಸ್ಸನ್ನು ಮನೆಯಾಗಿಸಲು ಹೊರಟವರು ಸುತ್ತಿಗೆ ಎತ್ತುವ ಮೊದಲೇ ಕಾನೂನು ತಿಳಿಯಬೇಕು. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬಸ್ ಬಾಡಿಗೆ ಎಐಎಸ್-052, ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡಗಳಿವೆ. ಹಾಳಾದ ತಗಡಿಗೆ ಬದಲು ಅದೇ ಬಗೆಯ ತಗಡು ಹಾಕುವುದು ದುರಸ್ತಿ. ಬಸ್ಸನ್ನು ಕ್ಯಾರವಾನ್ ಮಾಡುವುದು ಮಾರ್ಪಾಡು. ಎರಡನೆಯದಕ್ಕೆ ಕೈಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ.

ಅಮೆರಿಕದಲ್ಲಿಯೂ ನಿರ್ಬಂಧಗಳಿಲ್ಲದಿಲ್ಲ. 1939ರ ಸಮ್ಮೇಳನವೊಂದರಲ್ಲಿ ಶಾಲಾ ಬಸ್ಸಿಗೆಂದು ಗೊತ್ತುಮಾಡಿದ ಹಳದಿ ಬಣ್ಣವನ್ನು, ಬಸ್ಸು ಶಾಲೆಯ ಸೇವೆ ಬಿಟ್ಟ ಮೇಲೆ ಬದಲಿಸಬೇಕೆಂದು ಅನೇಕ ರಾಜ್ಯಗಳ ಕಾನೂನು ಹೇಳುತ್ತದೆ. ಹಾಗಾಗಿ ತಗಡಿನ ಕೆಲಸ ಮುಗಿಸಿ, ನೀರಿನ ಪರೀಕ್ಷೆಯಲ್ಲಿ ಗೆದ್ದ ಬಸ್ಸಿಗೆ ಕೊನೆಯಲ್ಲಿ ಉಳಿಯುವುದು ಹೊಸ ಬಣ್ಣ. ಆ ಬಣ್ಣದ ಹಿಂದೆ ಏನಿದೆ ಎಂಬುದು ಅದನ್ನು ಕಟ್ಟಿದವರಿಗೆ ಮಾತ್ರ ಗೊತ್ತಿರುತ್ತದೆ; ಅದರಲ್ಲಿ ಮಲಗುವವರೂ ಬಹುತೇಕ ಅವರೇ.