ಕ್ರೌರ್ಯವೊಂದೇ ಸಾಲದೆಂದ ಕಾನೂನು: 1869ರಿಂದ 2001ರವರೆಗೆ ಭಾರತದ ಕ್ರೈಸ್ತ ಸ್ತ್ರೀಯರು

ಗಂಡನ ಹೊಡೆತವನ್ನು ತಾಳಲಾರದೆ ಸಭಾಪಾಲಕರ ಬಳಿಗೆ ಬಂದ ಸ್ತ್ರೀಗೆ ನಮ್ಮ ಅನೇಕ ಸಭೆಗಳಲ್ಲಿ ದೊರೆತ ಬುದ್ಧಿಮಾತು ಒಂದೇ ಬಗೆಯದು: ತಾಳಿಕೋ, ಪ್ರಾರ್ಥಿಸು, ಮನೆಗೆ ಹಿಂದಿರುಗು. ಈ ಮಾತು ಸತ್ಯವೇದದಿಂದಲೇ ಬಂದುದೆಂದು ನಾವು ಎಣಿಸುತ್ತೇವೆ. ಆದರೆ ಇದಕ್ಕೆ ಬೆನ್ನಾಗಿ ನಿಂತದ್ದು ಒಂದು ಕಾನೂನು ಕೂಡ. ಆ ಕಾನೂನಿನ ಚರಿತ್ರೆಯನ್ನು ಅರಿಯದೆ ನಮ್ಮ ಪಾಲನಾ ಸೇವೆಯನ್ನು ಪರಿಶೋಧಿಸುವುದು ಕಷ್ಟ.

1869ರ ಭಾರತೀಯ ವಿವಾಹ ವಿಚ್ಛೇದನ ಅಧಿನಿಯಮವು ಕ್ರೈಸ್ತರಿಗೆ ಅನ್ವಯಿಸುತ್ತಿತ್ತು. ಅದರ 10ನೆಯ ಕಲಮಿನ ಪ್ರಕಾರ, ಹೆಂಡತಿಯ ವ್ಯಭಿಚಾರವನ್ನು ರುಜುವಾತುಪಡಿಸಿದರೆ ಗಂಡನಿಗೆ ವಿಚ್ಛೇದನ ದೊರೆಯುತ್ತಿತ್ತು. ಹೆಂಡತಿಗಾದರೋ ಗಂಡನ ವ್ಯಭಿಚಾರವೊಂದೇ ಸಾಲದು. ಅದರೊಡನೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಾಗಿತ್ತು. ಕ್ರೌರ್ಯವೊಂದೇ ಇದ್ದಲ್ಲಿ, ಅದು ಎಷ್ಟೇ ಘೋರವಾಗಿದ್ದರೂ, 22ನೆಯ ಕಲಮಿನಂತೆ ನ್ಯಾಯಿಕ ಪ್ರತ್ಯೇಕವಾಸ ಮಾತ್ರ ಸಾಧ್ಯವಿತ್ತು. ಅಂದರೆ ಆಕೆ ಬೇರೆಯಾಗಿ ವಾಸಿಸಬಹುದು, ವಿವಾಹಬಂಧನದಿಂದ ಬಿಡುಗಡೆಯಿಲ್ಲ. 34ನೆಯ ಕಲಂ ಹೆಂಡತಿಯೊಡನೆ ವ್ಯಭಿಚಾರ ಮಾಡಿದವನಿಂದ ನಷ್ಟಪರಿಹಾರ ಕೇಳುವ ಹಕ್ಕನ್ನು ಗಂಡನಿಗೆ ಕೊಟ್ಟಿತ್ತು. ಹೆಂಡತಿಯನ್ನು ಗಂಡನ ಸ್ವತ್ತೆಂದು ಕಾಣುವ ದೃಷ್ಟಿ ಇಲ್ಲಿ ನಿಚ್ಚಳವಾಗಿದೆ.

ಈ ತಾರತಮ್ಯವು ಧರ್ಮಶಾಸ್ತ್ರದಿಂದ ಇಳಿದುಬಂದುದಲ್ಲ. 1857ರ ಇಂಗ್ಲೆಂಡಿನ ವಿವಾಹ ಕಾನೂನಿನಿಂದ ಬಂದುದು. ಇಂಗ್ಲೆಂಡು 1923ರಲ್ಲಿ ವ್ಯಭಿಚಾರದ ವಿಷಯದಲ್ಲಿ ಗಂಡಹೆಂಡಿರನ್ನು ಸಮಾನರನ್ನಾಗಿ ಮಾಡಿತು. 1937ರಲ್ಲಿ ಕ್ರೌರ್ಯವನ್ನೂ ವಿಚ್ಛೇದನಕ್ಕೆ ಸ್ವತಂತ್ರ ಕಾರಣವೆಂದು ಒಪ್ಪಿತು. ಭಾರತದ ಕ್ರೈಸ್ತರಿಗೆ ಮಾತ್ರ ಹಳೆಯ ಇಂಗ್ಲೆಂಡೇ ಉಳಿಯಿತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಅಧಿನಿಯಮದಲ್ಲಿಯೂ ಕ್ರೌರ್ಯವೊಂದೇ ವಿಚ್ಛೇದನಕ್ಕೆ ಸಾಕಾಯಿತು. 1983ರಲ್ಲಿ ಭಾರತ ದಂಡ ಸಂಹಿತೆಗೆ 498ಎ ಕಲಂ ಸೇರಿ, ಹೆಂಡತಿಯ ಮೇಲೆ ನಡೆಸುವ ಕ್ರೌರ್ಯವು ಪ್ರತ್ಯೇಕ ಅಪರಾಧವಾಯಿತು. ಇದರಿಂದ ವಿಚಿತ್ರವಾದ ಸ್ಥಿತಿಯೊಂದು ಉಂಟಾಯಿತು: ಕ್ರೌರ್ಯಕ್ಕಾಗಿ ಕ್ರೈಸ್ತ ಗಂಡನು ಸೆರೆಮನೆಗೆ ಹೋಗಬಹುದಾಗಿತ್ತು, ಆದರೆ ಅದೇ ಕಾರಣದಿಂದ ಹೆಂಡತಿಗೆ ವಿಚ್ಛೇದನ ದೊರೆಯುತ್ತಿರಲಿಲ್ಲ.

ಅದೇ 1983ರಲ್ಲಿ ಕಾನೂನು ಆಯೋಗವು ತನ್ನ 90ನೆಯ ವರದಿಯಲ್ಲಿ 10ನೆಯ ಕಲಮಿನ ತಾರತಮ್ಯವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. 1995ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಪೂರ್ಣಪೀಠವು, ಕ್ರೈಸ್ತ ಸ್ತ್ರೀಯರ ಅರ್ಜಿಗಳ ಮೇಲೆ, ಆ ಕಲಮಿನ ಭಾಗಗಳನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. 1998ರಲ್ಲಿ ಆಯೋಗದ 164ನೆಯ ವರದಿ ಮತ್ತೆ ಒತ್ತಾಯಿಸಿತು. ಕಡೆಗೆ 2001ರಲ್ಲಿ ಸಂಸತ್ತು ಅಧಿನಿಯಮವನ್ನು ತಿದ್ದಿತು. 132 ವರ್ಷಗಳ ತರುವಾಯ ಕ್ರೌರ್ಯವೊಂದೇ ಸಾಕಾಯಿತು; 34ನೆಯ ಕಲಂ ಅಳಿಯಿತು.

ಈ ದೀರ್ಘಕಾಲದಲ್ಲಿ ಸಭೆಯ ಪಾತ್ರವೇನು? ಎರಡನೆಯ ಸಮುವೇಲನ 13ನೆಯ ಅಧ್ಯಾಯವು ನಮಗೆ ಕನ್ನಡಿಯಾಗಬಲ್ಲದು. ಅಮ್ನೋನನಿಂದ ಕೆಟ್ಟ ತಾಮಾರಳು ಎಂದು ನಾವು ಓದಿಹೋಗುವುದುಂಟು. ಆಕೆ ಕೆಟ್ಟವಳಲ್ಲ, ಅತ್ಯಾಚಾರಕ್ಕೊಳಗಾದವಳು. ಆಕೆ ಬಾಯಿ ಮುಚ್ಚಿಕೊಂಡಿರಲಿಲ್ಲ. ಅಂಗಿಯನ್ನು ಹರಿದುಕೊಂಡು, ಗೋಳಾಡುತ್ತಾ ಹೋದಳು. ಸುಮ್ಮನಿರೆಂದು ಹೇಳಿದವನು ಅವಳ ಅಣ್ಣನಾದ ಅಬ್ಷಾಲೋಮನು. ಅರಸನಾದ ದಾವೀದನು ಸಂಗತಿಯನ್ನು ಕೇಳಿ ಕೋಪಗೊಂಡನು, ಆದರೆ ಆ ಕೋಪವು ಅವಳಿಗೆ ನ್ಯಾಯವಾಗಲಿಲ್ಲ. ಮನೆಯ ಮಾನ ಕಾಯುವ ಅಣ್ಣ, ಕನಿಕರಪಟ್ಟು ಕೈಕಟ್ಟಿ ಕೂರುವ ಅರಸ: ಇವರಿಬ್ಬರನ್ನೂ ನಮ್ಮ ಸಭೆಗಳಲ್ಲಿ ಕಾಣಬಹುದು.

ಶಿಲುಬೆಯನ್ನು ಹೊರಬೇಕೆಂಬ ಕರೆಯನ್ನು ನಾವು ಇಲ್ಲಿ ತಪ್ಪಾಗಿ ಬಳಸಿದ್ದೇವೆ. ಕ್ರಿಸ್ತನು ತನ್ನ ಪ್ರಾಣವನ್ನು ತಾನಾಗಿಯೇ ಕೊಟ್ಟನು. ಬಲವಂತವಾಗಿ ಹೇರಿದ ಹೊಡೆತವು ಆ ತ್ಯಾಗಕ್ಕೆ ಸಮನಲ್ಲ. ವಿವಾಹಬಂಧನವು ಬಿಡಿಸಲಾಗದ್ದೆಂದು ಬೋಧಿಸುವ ಕಥೋಲಿಕ ಸಭೆಯ 1983ರ ಕ್ಯಾನನ್ ಸಂಹಿತೆಯೂ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು 1153ನೆಯ ವಿಧಿಯಲ್ಲಿ ಅವಕಾಶ ಕೊಡುತ್ತದೆ. ಆದಕಾರಣ ವಿಚ್ಛೇದನದ ಬಗ್ಗೆ ಸಭೆಗಳು ಯಾವ ನಿಲುವನ್ನು ತಳೆದರೂ, ಅಪಾಯದ ಮನೆಗೆ ಸ್ತ್ರೀಯನ್ನು ಹಿಂದೆ ಕಳುಹಿಸಬೇಕೆಂಬ ಬೋಧನೆಗೆ ಆಧಾರವಿಲ್ಲ.

ವಿಚ್ಛೇದನವನ್ನು ಬಯಸದ ಸ್ತ್ರೀಗೂ ಇಂದು ದಾರಿಯಿದೆ. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು ಎಲ್ಲ ಮತದವರಿಗೂ ಅನ್ವಯಿಸುತ್ತದೆ. ಹೊಡೆತವಷ್ಟೇ ಅಲ್ಲ, ನಿಂದನೆ, ಲೈಂಗಿಕ ಬಲಾತ್ಕಾರ, ಹಣವನ್ನು ತಡೆಹಿಡಿಯುವುದು ಕೂಡ ಅದರ ದೃಷ್ಟಿಯಲ್ಲಿ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಸಂರಕ್ಷಣಾಧಿಕಾರಿಯ ಮೂಲಕ ಆಕೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಆದಾಯ ಎಷ್ಟೇ ಇರಲಿ, ಸ್ತ್ರೀಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಕರ್ನಾಟಕದಲ್ಲಿ ಸಾಂತ್ವನ ಮತ್ತು ಸಖಿ ಕೇಂದ್ರಗಳಿವೆ. 181 ಮಹಿಳಾ ಸಹಾಯವಾಣಿಯಿದೆ. ತುರ್ತಿಗೆ 112 ಇದೆ.

ಆ ಅಧಿನಿಯಮದ 4ನೆಯ ಕಲಂ ಸಭಾಪಾಲಕರಿಗೆ ನೇರವಾಗಿ ಸಂಬಂಧಿಸಿದ್ದು. ಹಿಂಸೆ ನಡೆದಿದೆಯೆಂದೋ ನಡೆಯಬಹುದೆಂದೋ ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರಿಗೆ ಹೊಣೆಗಾರಿಕೆಯಿಲ್ಲ. ಆಕೆಯ ಮಾತನ್ನು ನಂಬಿ ಕೇಳುವುದು, ಆಕೆಯ ಒಪ್ಪಿಗೆಯಿಲ್ಲದೆ ಹೆಜ್ಜೆಯಿಡದಿರುವುದು, ಆಕೆ ಎಲ್ಲಿದ್ದಾಳೆಂದು ಗಂಡನಿಗೆ ಹೇಳದಿರುವುದು, ಭಯವಿರುವಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸದಿರುವುದು: ಇವು ಪಾಲನಾ ಸೇವೆಯ ಮೊದಲ ಪಾಠಗಳು. ಗಂಡನ ಪಶ್ಚಾತ್ತಾಪವನ್ನು ನಾವು ಬಯಸಬೇಕು, ಆದರೆ ಅದರ ಬೆಲೆಯನ್ನು ಹೆಂಡತಿಯ ದೇಹದಿಂದ ತೆರಬಾರದು.

ಕಾನೂನು ತಿದ್ದಿಕೊಳ್ಳಲು 132 ವರ್ಷಗಳು ಬೇಕಾದವು. ಆದರೆ ಅದು ಬದಲಾದರೂ ಪೀಠದ ಬೋಧನೆಯು ಬದಲಾಗದಿದ್ದರೆ, 1869ರ ಕಲಂ ನಮ್ಮ ಬಾಯಿಯಲ್ಲಿ ಇನ್ನೂ ಜಾರಿಯಲ್ಲಿರುತ್ತದೆ.