ಮೆಣಸಿನ ಗಿಡಕ್ಕೆ ಎಷ್ಟು ಆಯುಸ್ಸು?

ಪುಷ್ಯ ಮಾಸದ ದೆಹಲಿಯಲ್ಲಿ ನಮ್ಮವರ ಮನೆಗಳ ಬಾಲ್ಕನಿಯನ್ನು ಇಣುಕಿದರೆ, ಕುಂಡದಲ್ಲಿ ಎಲೆಯುದುರಿಸಿಕೊಂಡು ನಿಂತ ಮೆಣಸಿನ ಗಿಡ ಅಲ್ಲಲ್ಲಿ ಕಾಣುತ್ತದೆ. ದೀಪಾವಳಿಯವರೆಗೂ ಒಗ್ಗರಣೆಗೆ ಕಾಯಿ ಕೊಟ್ಟ ಗಿಡ ಈಗ ಬರಿಯ ಕಡ್ಡಿ. ಅದರ ಕಾಲ ಮುಗಿಯಿತೆಂದು ನಾವು ಕಿತ್ತೆಸೆಯುತ್ತೇವೆ. ಫಾಲ್ಗುಣದಲ್ಲಿ ಹೊಸ ಸಸಿ ತರುತ್ತೇವೆ. ಆದರೆ ಈ ಗಿಡಕ್ಕೆ ಒಂದೇ ವರ್ಷದ ಆಯುಸ್ಸು ಎಂದು ನಮಗೆ ಹೇಳಿದವರು ಯಾರು? ಈ ಪ್ರಶ್ನೆಯ ಬೆನ್ನುಹತ್ತಿದರೆ ಐನೂರು ವರ್ಷಗಳ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ತಪ್ಪು ಹೆಸರುಗಳಿಗೆ ಕೊರತೆಯಿಲ್ಲ.

ಮೊದಲ ತಪ್ಪು ಕೊಲಂಬಸನ ಯಾನದ್ದು. 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದ ಅವನು ಅರಸಿ ಹೊರಟದ್ದು ಏಷ್ಯಾದ ಸಾಂಬಾರ ಪದಾರ್ಥಗಳನ್ನು. ಸಿಕ್ಕಿದ್ದು ಖಾರದ ಕಾಯಿ. ಖಾರವೊಂದನ್ನೇ ಆಧಾರವಾಗಿಟ್ಟುಕೊಂಡು ಸ್ಪೇನಿನವರು ಅದನ್ನೂ ಮೆಣಸಿನ ಬಳಗಕ್ಕೆ ಸೇರಿಸಿದರು. ಕರಿಮೆಣಸಿನ ಬಳ್ಳಿ ವೀಳ್ಯದೆಲೆಯ ಬಂಧು. ಈ ಗಿಡವಾದರೋ ಬದನೆ, ಟೊಮೆಟೊಗಳ ಕುಲಕ್ಕೆ ಸೇರಿದ್ದು. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಇದರ ಚಿತ್ರವನ್ನು ಕೊಟ್ಟು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದ. ಅಮೆರಿಕದ ಗಿಡ ಅರ್ಧ ಶತಮಾನದೊಳಗೆ ಭಾರತದ್ದೆಂದು ಹೆಸರಾಗಿತ್ತು.

ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಮುಂಬಯಿ ಕಡೆಯ ‘ಗೋವಾಯಿ ಮಿರ್ಚಿ’ ಎಂಬ ಹಳೆಯ ಹೆಸರು ಅದು ಬಂದ ದಾರಿಯನ್ನು ನೆನಪಿಟ್ಟುಕೊಂಡಿದೆ. ಕನ್ನಡವೂ ಹಳೆಯ ಮೆಣಸಿನ ಹೆಸರನ್ನೇ ಹೊಸಬನಿಗೆ ಕೊಟ್ಟಿತು. ಆದರೆ ಜೊತೆಗೊಂದು ‘ಕಾಯಿ’ ಸೇರಿಸಿ ಎರಡನ್ನೂ ಬೇರೆ ಮಾಡಿತು. ಹಳೆಯದು ಕರಿಮೆಣಸು, ಕಾಳುಮೆಣಸು, ಕರಾವಳಿಯವರ ಬಾಯಲ್ಲಿ ಒಳ್ಳೆಮೆಣಸು ಆಯಿತು. ಹೊಸಬನು ಮೆಣಸಿನ ಹೆಸರನ್ನೂ ಅಡುಗೆಮನೆಯಲ್ಲಿ ಅದರ ಸ್ಥಾನವನ್ನೂ ಪಡೆದ. ಮರವನ್ನಪ್ಪಿ ದಶಕಗಳ ಕಾಲ ಬದುಕುವ ಆ ಬಳ್ಳಿಯ ಹಾಗೆ ದೀರ್ಘಾಯುವೆಂಬ ಮನ್ನಣೆ ಮಾತ್ರ ಅವನಿಗೆ ದೊರೆಯಲಿಲ್ಲ.

ಅದಕ್ಕೆ ಶಾಸ್ತ್ರದ ಮುದ್ರೆ ಬಿದ್ದದ್ದು 1753ರಲ್ಲಿ. ಸ್ವೀಡನ್ನಿನ ಲಿನೇಯಸ್ ತನ್ನ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಒಂದು ಬಗೆಯನ್ನು ‘ಕ್ಯಾಪ್ಸಿಕಮ್ ಆನ್ಯುವಮ್’ ಎಂದೂ ಇನ್ನೊಂದನ್ನು ‘ಕ್ಯಾಪ್ಸಿಕಮ್ ಫ್ರುಟೆಸೆನ್ಸ್’ ಎಂದೂ ಕರೆದ. ಮೊದಲನೆಯದರ ಅರ್ಥ ‘ವಾರ್ಷಿಕ’, ಎರಡನೆಯದರದು ‘ಪೊದೆಯಾಗುವಂಥದು’. ಬ್ಯಾಡಗಿ, ಗುಂಟೂರು, ದೊಣ್ಣೆಮೆಣಸು ಎಲ್ಲವೂ ಆ ಮೊದಲ ಹೆಸರಿನಡಿ ಬರುತ್ತವೆ. ಉತ್ತರ ಯುರೋಪಿನ ಬಯಲಲ್ಲಿ ವಸಂತದಲ್ಲಿ ಬಿತ್ತಿದ ಮೆಣಸಿನ ಗಿಡ ಮೊದಲ ಹಿಮಕ್ಕೇ ಸಾಯುತ್ತದೆ. ಆ ನಾಡಿನಲ್ಲಿ ನಿಂತು ನೋಡುವವರಿಗೆ ‘ವಾರ್ಷಿಕ’ ಎಂಬುದು ಕಣ್ಣಿಗೆ ಕಾಣುವ ಸತ್ಯವೇ. ಆದರೆ ಅದು ಅಲ್ಲಿನ ಚಳಿಗಾಲದ ಗುಣ, ಗಿಡದ ಗುಣವಲ್ಲ. 1776ರಲ್ಲಿ ವಿಯೆನ್ನಾದ ಜ್ಯಾಕ್ವಿನ್ ಮತ್ತೊಂದು ಅಮೆರಿಕನ್ ಬಗೆಗೆ ‘ಚೀನಾದ್ದು’ ಎಂಬ ಅರ್ಥದ ‘ಚೈನೆನ್ಸ್’ ಎಂದು ಹೆಸರಿಟ್ಟ. ಹೀಗೆ ಒಂದು ಹೆಸರು ದೇಶದ ವಿಷಯದಲ್ಲಿ ತಪ್ಪಿತು, ಇನ್ನೊಂದು ಕಾಲದ ವಿಷಯದಲ್ಲಿ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ಸಸ್ಯಶಾಸ್ತ್ರದ ನಿಯಮವಾದ್ದರಿಂದ ಎರಡೂ ಇಂದಿಗೂ ಉಳಿದಿವೆ.

ಗಿಡದ ನಿಜವಾದ ಸ್ವಭಾವವನ್ನು ಅದರ ತವರಿನಲ್ಲಿ ನೋಡಬೇಕು. ಉತ್ತರ ಮೆಕ್ಸಿಕೊ ಮತ್ತು ಅರಿಜೋನಾದ ಬೆಟ್ಟಸಾಲುಗಳಲ್ಲಿ ಚಿಲ್ಟೆಪಿನ್ ಎಂಬ ಕಾಡುಮೆಣಸಿನ ಪೊದೆಯಿದೆ. ‘ವಾರ್ಷಿಕ’ ಎನಿಸಿಕೊಂಡ ಆನ್ಯುವಮ್‌ನ ಕಾಡು ರೂಪವೇ ಅದು. ಬದುಕುವುದು ಮಾತ್ರ ಹಲವು ವರ್ಷ. ಬಟಾಣಿಯಷ್ಟು ಚಿಕ್ಕ ಕೆಂಪು ಕಾಯಿಗಳನ್ನು ಹಕ್ಕಿಗಳು ನುಂಗುತ್ತವೆ. ಅವುಗಳಿಗೆ ಖಾರ ತಟ್ಟುವುದಿಲ್ಲ. ಅವು ದೊಡ್ಡ ಮರಗಳ ಮೇಲೆ ಕುಳಿತು ಹಿಕ್ಕೆ ಹಾಕುವುದರಿಂದ ಬೀಜ ಮರದಡಿಯಲ್ಲೇ ಮೊಳೆಯುತ್ತದೆ. ಬೇಸಿಗೆಯಲ್ಲಿ ಬಿಸಿಲಿನಿಂದ, ಚಳಿಗಾಲದಲ್ಲಿ ಹಿಮದಿಂದ ಆ ಮರವೇ ಅದನ್ನು ಕಾಯುತ್ತದೆ. ತೀವ್ರ ಚಳಿಗೆ ಕೊಂಬೆಗಳು ಸತ್ತರೂ ಬುಡ ಜೀವ ಹಿಡಿದು ಮತ್ತೆ ಚಿಗುರುತ್ತದೆ. ಗಿಡವನ್ನು ಚಳಿ ದಾಟಿಸುವ ವಿದ್ಯೆ ತೋಟಗಾರರು ಹೊಸದಾಗಿ ಕಂಡುಹಿಡಿದದ್ದಲ್ಲ. ಮರದ ಕೆಲಸವನ್ನು ಮನುಷ್ಯ ತನ್ನ ಕೈಗೆತ್ತಿಕೊಂಡನಷ್ಟೆ.

ಹಾಗಾದರೆ ಹಿಮವೇ ಬೀಳದ ನಮ್ಮ ನಾಡಿನ ಹೊಲಗಳಲ್ಲಿ ಅದೇಕೆ ಒಂದು ವರ್ಷದ ಬೆಳೆಯಾಯಿತು? ಇಲ್ಲಿ ತೀರ್ಪು ಕೊಟ್ಟದ್ದು ಬೇಸಾಯದ ಲೆಕ್ಕಾಚಾರ. ಬ್ಯಾಡಗಿ ಸೀಮೆಯಲ್ಲಿ ಮಳೆಯನ್ನು ನಂಬಿ ನೆಟ್ಟ ಗಿಡ ಚಳಿಗಾಲದಲ್ಲಿ ಹಣ್ಣಾಗಿ ಕೊಯ್ಲಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳಲು ಹೊಲದಲ್ಲಿ ನೀರಿಲ್ಲ. ಹಳೆಯ ಗಿಡದಲ್ಲಿ ನುಸಿ ಮತ್ತು ಎಲೆಮುದುರು ರೋಗ ನೆಲೆಯೂರಿದರೆ ಹೊಸ ಬೆಳೆಗೂ ಅಪಾಯ. ರೈತನ ನಿರ್ಧಾರ ಸರಿಯಾದದ್ದೇ. ಆದರೆ ಅದೇ ನಾಡಿನ ಮಲೆನಾಡು, ಕರಾವಳಿಗಳ ಹಿತ್ತಿಲಿನಲ್ಲಿ ಸೂಜಿಮೆಣಸಿನ ಗಿಡ ಬಾವಿಕಟ್ಟೆಯ ಬಳಿ ವರ್ಷಾನುಗಟ್ಟಲೆ ನಿಂತು ಕಾಯಿ ಕೊಡುತ್ತಿತ್ತು. ಅದನ್ನು ಯಾರೂ ವಾರ್ಷಿಕವೆನ್ನಲಿಲ್ಲ.

ನಮ್ಮ ಬಾಲ್ಕನಿ ಲಿನೇಯಸನ ನಾಡೂ ಅಲ್ಲ, ಮಳೆಯಾಶ್ರಿತ ಹೊಲವೂ ಅಲ್ಲ. ಮುಂಬಯಿ, ಚೆನ್ನೈಗಳಲ್ಲಿ ಚಳಿಯ ಭಯವೇ ಇಲ್ಲ; ಕಾಯಿ ಕಡಿಮೆಯಾದಾಗ ಕೊಂಬೆ ಸವರಿ ಗೊಬ್ಬರ ಕೊಟ್ಟರೆ ಸಾಕು. ದೆಹಲಿಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಉಳಿದ ಕಾಯಿಗಳನ್ನು ಬಿಡಿಸಿ, ಮುಖ್ಯ ಕಾಂಡ ಕವಲೊಡೆಯುವ ಜಾಗದಿಂದ ತುಸು ಮೇಲಕ್ಕೆ ಕೊಂಬೆಗಳನ್ನು ಕತ್ತರಿಸಬೇಕು. ಹೇನು, ನುಸಿಗಳಿದ್ದರೆ ತೊಳೆದು ಕುಂಡವನ್ನು ಮನೆಯೊಳಗೆ ಬೆಳಕು ಬರುವ ಕಿಟಕಿಯ ಬಳಿ ಇಡಬೇಕು. ಮಣ್ಣು ಒಣಗಿದ ಮೇಲಷ್ಟೇ ಒಂದಿಷ್ಟು ನೀರು. ಆಗ ಗೊಬ್ಬರ ಬೇಡ. ಚಳಿಗಾಲದಲ್ಲಿ ಮೆಣಸಿನ ಗಿಡಗಳನ್ನು ಕೊಲ್ಲುವುದರಲ್ಲಿ ಚಳಿಗಿಂತ ನಮ್ಮ ಅತಿ ಉಪಚಾರದ ನೀರಿನ ಪಾಲೇನೂ ಕಡಿಮೆಯಲ್ಲ. ಹೋಳಿಯ ಹೊತ್ತಿಗೆ ಗಿಣ್ಣುಗಳಲ್ಲಿ ಹಸಿರು ಮೂಡಿದಾಗ ಮೆಲ್ಲನೆ ಬಿಸಿಲಿಗೆ ಒಗ್ಗಿಸಿದರೆ, ಈಗಾಗಲೇ ಬೇರು ಬಲಿತ ಆ ಗಿಡ ಹೊಸ ಸಸಿಗಿಂತ ಎಷ್ಟೋ ಮೊದಲು ಹೂ ಬಿಡುತ್ತದೆ.

ಎಲ್ಲ ಗಿಡಗಳೂ ಉಳಿಯುವುದಿಲ್ಲ. ಎಲೆಮುದುರು ಹಿಡಿದದ್ದನ್ನು ಉಳಿಸಬಾರದು. ಉಳಿದವೂ ಕೆಲವು ವರ್ಷಗಳ ನಂತರ ಸೊರಗುತ್ತವೆ. ಆಯುಸ್ಸಿಗೆ ಮಿತಿಯಿದೆ, ಆ ಮಿತಿ ಹನ್ನೆರಡು ತಿಂಗಳಲ್ಲ ಎಂಬುದಷ್ಟೇ ನಮ್ಮ ಮಾತು. ದೂರದೂರಿನ ಹವೆಯನ್ನು ನೋಡಿ ಬರೆದ ಷರಾ ಒಂದು ಜೀವದ ಜಾತಕವಾಗಿಬಿಡಬಹುದು ಎಂಬುದನ್ನು ಮೆಣಸಿನಕಾಯಿಯ ಚರಿತ್ರೆ ತೋರಿಸುತ್ತದೆ. ಆದ್ದರಿಂದ ಈ ಚಳಿಯಲ್ಲಿ ಗಿಡವನ್ನು ಕೀಳುವ ಮುನ್ನ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡೋಣ. ಒಳಗೆ ಹಸಿರಿದ್ದರೆ ಅದಿನ್ನೂ ಬದುಕಿದೆ.